ಪಟ ಬಂತು, ಹೆಸರು ಬರಲಿಲ್ಲ

ನಮ್ಮೂರಿನಲ್ಲಿ ‘ಬ್ಯಾಕಪ್’ ಎಂದರೆ ಯು.ಪಿ.ಎಸ್. ಬ್ಯಾಟರಿ. ಮಳೆಗಾಲ ಶುರುವಾಯಿತೆಂದರೆ “ನಿಮ್ಮನೇಲಿ ಬ್ಯಾಕಪ್ ಎಷ್ಟು ಹೊತ್ತು ಬರುತ್ತೆ?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಇಲ್ಲಿ ಕುಶಲೋಪರಿ ಇದ್ದ ಹಾಗೆ. ಮಲೆನಾಡಿನ ಕರೆಂಟಿನ ವಿಷಯ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಮಗಳು ಫೋನು ಮಾಡಿ “ಈ ಸಲ ಬಂದಾಗ ಮನೆ ಬ್ಯಾಕಪ್ ಒಂದ್ಸಲ ಪರೀಕ್ಷೆ ಮಾಡ್ಬೇಕು” ಎಂದಾಗ, ನಮ್ಮ ಮನೆಯವರು ಅಂದೇ ಸಂಜೆ ಪೇಟೆಗೆ ಹೋಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದಿಟ್ಟರು. ಅದೂ ದಂಡವಾಗಲಿಲ್ಲ ಬಿಡಿ, ಬ್ಯಾಟರಿ ಒಣಗಿತ್ತು.

ನಾನು ಹೇಳಹೊರಟಿರುವುದು ಆ ಬ್ಯಾಕಪ್ಪಿನ ವಿಷಯವಲ್ಲ. ಕಂಪ್ಯೂಟರಿನೊಳಗಿನ ಮಾಹಿತಿಗೆ ಇನ್ನೊಂದು ಪ್ರತಿ ಮಾಡಿ ಇಡುವುದು, ಮೂಲ ಕೆಟ್ಟಾಗ ಆ ಪ್ರತಿಯಿಂದ ಮತ್ತೆ ಎಬ್ಬಿಸಿ ನಿಲ್ಲಿಸುವುದು, ಅದರಲ್ಲೂ ಈಗಿನವರು ‘ಕಂಟೇನರ್’ ಎಂದು ಕರೆಯುವ ಪೆಟ್ಟಿಗೆಗಳೊಳಗೆ ಕೆಲಸ ನಡೆಯುವಾಗ ಅದನ್ನು ಹೇಗೆ ಮಾಡಬೇಕೆನ್ನುವ ವಿಷಯ. ಕಂಪ್ಯೂಟರ್ ಎಂದ ಕೂಡಲೆ ಪುಟ ಮಗುಚಬೇಡಿ. ನಾನು ಬಿ.ಎ., ಬಿ.ಎಡ್. ಮಾಡಿ ಸುಮಾರು ಮೂವತ್ತು ವರ್ಷದಿಂದ ಕನ್ನಡ, ಸಮಾಜ ಪಾಠ ಮಾಡುತ್ತಿರುವವಳು. ನನಗೆ ಅರ್ಥವಾದದ್ದು ನಿಮಗೆ ಆಗದೆ ಇರುವುದಿಲ್ಲ.

ಮೊದಲು ಪಟಗಳ ವಿಷಯ ಹೇಳಬೇಕು. ನಮ್ಮ ಅತ್ತೆಯವರ ಹತ್ತಿರ ನಾಲ್ಕು ಆಲ್ಬಮ್ಮುಗಳು ಮತ್ತು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ಫೋಟೋಗಳಿದ್ದವು. ಕಪ್ಪು ಹಾಳೆಗೆ ಮೂಲೆ ಅಂಟಿಸಿ ಪಟ ಸಿಕ್ಕಿಸಿದ, ನಡುವೆ ತೆಳ್ಳನೆಯ ಬಿಳಿ ಕಾಗದ ಹಾಕಿದ ಆಲ್ಬಮ್ಮುಗಳು. ನಿಮ್ಮ ಮನೆಯಲ್ಲೂ ಇದ್ದಾವು. ಮಲೆನಾಡಿನ ಮಳೆಗಾಲಕ್ಕೆ ಪಟವೂ ಒಂದೇ, ಉಪ್ಪಿನಕಾಯಿಯೂ ಒಂದೇ, ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಸಿಲಿಗೆ ಇಟ್ಟು ಮೆತ್ತನೆಯ ಬಟ್ಟೆಯಲ್ಲಿ ಒರೆಸುವಾಗ ಒಬ್ಬೊಬ್ಬರ ಮೂಗು, ಒಬ್ಬೊಬ್ಬರ ಕಣ್ಣು ಬಟ್ಟೆಗೇ ಬರುತ್ತಿತ್ತು. 2022ರ ದೀಪಾವಳಿಗೆ ಬಂದ ಮಗಳು ಇದನ್ನು ನೋಡಿ ಒಂದು ಸ್ಕ್ಯಾನರ್ ತಂದಳು. ರಜೆಯೆಲ್ಲ ಕುಳಿತು ಸಾವಿರದ ಇನ್ನೂರು ಚಿಲ್ಲರೆ ಪಟಗಳನ್ನು ಕಂಪ್ಯೂಟರಿಗೆ ಸೇರಿಸಿದೆವು. ಯಾವುದೋ ಆಫೀಸಿನವರು ಬೇಡವೆಂದು ಮಾರಿದ ಪುಟ್ಟ ಕಂಪ್ಯೂಟರ್ ಒಂದನ್ನು ಅವಳು ಮನೆಯ ಮೂಲೆಕೋಣೆಯಲ್ಲಿ ಕೂರಿಸಿದಳು. ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಮನೆಯೊಳಗಿನ ಯಾವ ಫೋನಿನಿಂದಾದರೂ ಅದರಲ್ಲಿನ ಪಟ ನೋಡಬಹುದು. ದೊಡ್ಡ ಕಂಪನಿಗಳ ಹತ್ತಿರ ತಿಂಗಳ ಬಾಡಿಗೆ ಕೊಟ್ಟು ಇಡುವ ಏರ್ಪಾಡೂ ಇದೆ ಎಂದು ಅವಳು ಹೇಳಿದ್ದಳು. ಅತ್ತೆ ಒಪ್ಪಲಿಲ್ಲ. “ನಮ್ಮ ಮನೆ ಪಟ ಕಂಡವರ ಮನೇಲಿ ಯಾಕಿಡಬೇಕು?” ಎಂದುಬಿಟ್ಟರು.

ಆ ಪ್ರೋಗ್ರಾಮಿನಲ್ಲಿ ಒಂದು ಅನುಕೂಲವಿತ್ತು. ಅದು ಮುಖಗಳನ್ನು ಗುರುತಿಸಿ ಒಂದೇ ಮುಖದ ಪಟಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತದೆ. ನಾವು ಒಂದು ಸಲ ಹೆಸರು ಬರೆದರೆ ಸಾಕು, ಆ ಮುಖವಿರುವ ಪಟಗಳಿಗೆಲ್ಲ ಆ ಹೆಸರು ಅಂಟಿಕೊಳ್ಳುತ್ತದೆ. ಪಟದ ಕೆಳಗೆ ಎರಡು ಸಾಲು ವಿವರಣೆಯನ್ನೂ ಬರೆಯಬಹುದು. 2023ರ ಮಳೆಗಾಲದಲ್ಲಿ ನಾನೂ ಅತ್ತೆಯೂ ಸೇರಿ ಈ ಕೆಲಸ ಹಿಡಿದೆವು. ನಾನು ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ ದಿನಕ್ಕೆ ಹತ್ತಿಪ್ಪತ್ತು ಪಟ. ಅತ್ತೆಗೆ ಆಗ ಎಂಬತ್ತೈದು. ಕನ್ನಡಕ ಹಣೆಗೆ ಏರಿಸಿ, ಪರದೆಯ ಹತ್ತಿರ ಮೂಗು ತಂದು, “ಇವಳು ನಮ್ಮ ದೊಡ್ಡಪ್ಪನ ಎರಡನೇ ಮಗಳು, ಮದುವೆಯಾಗಿ ಆರೇ ತಿಂಗಳಿಗೆ ಹೋದಳು” ಎನ್ನುವರು. ನಾನು ಬೆರಳಚ್ಚು ಮಾಡುವೆ. ಬರೀ ಹೆಸರಲ್ಲ, ಆ ಕುಟುಂಬದ ಎಪ್ಪತ್ತು ವರ್ಷ ಆ ಎರಡೆರಡು ಸಾಲಿನಲ್ಲಿ ಇಳಿಯಿತು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅತ್ತೆ ನನ್ನ ಜೊತೆ ಅಷ್ಟು ಮಾತನಾಡಿದ್ದು ಆ ನಾಲ್ಕು ತಿಂಗಳಿನಲ್ಲೇ.

ಇನ್ನು ಕಂಟೇನರ್. ಮಕ್ಕಳನ್ನು ಪಣಂಬೂರಿಗೆ ಪ್ರವಾಸ ಕರೆದುಕೊಂಡು ಹೋದಾಗ ಲಾರಿಯ ಮೇಲೆ ಉದ್ದುದ್ದ ಕಬ್ಬಿಣದ ಪೆಟ್ಟಿಗೆಗಳು ಹೋಗುವುದನ್ನು ನೋಡಿದ್ದೇನೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ವ್ಯಾಪಾರಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ ಅಂಥ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಒಳಗೆ ಏನೇ ಇರಲಿ, ಹೊರಗಿನ ಪೆಟ್ಟಿಗೆ ಒಂದೇ ಅಳತೆ. ಆದ್ದರಿಂದ ಯಾವ ಹಡಗಿಗೂ ಯಾವ ಲಾರಿಗೂ ಸಲ್ಲುತ್ತದೆ. ಕಂಪ್ಯೂಟರಿನವರು ಈ ಉಪಾಯವನ್ನೇ ಎರವಲು ತೆಗೆದುಕೊಂಡರು. ಒಂದು ಪ್ರೋಗ್ರಾಮು ಓಡಲು ಬೇಕಾದ ಸಾಮಾನನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಬಿಟ್ಟರೆ ಯಾವ ಕಂಪ್ಯೂಟರಿನಲ್ಲಾದರೂ ಇಳಿಸಿ ಓಡಿಸಬಹುದು. ಇದರ ಬೀಜ ಮೊದಲೇ ಇತ್ತು. ಆದರೆ 2013ರಲ್ಲಿ ‘ಡಾಕರ್’ ಎಂಬುದು ಬಂದ ಮೇಲೆ ಎಲ್ಲರ ಕೈಗೂ ಸಿಕ್ಕಿತು. ಅದರ ಗುರುತು ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ತಿಮಿಂಗಿಲ. ಮಗಳ ಕಂಪ್ಯೂಟರಿನ ಮೇಲೂ ಅಂಟಿಸಿಕೊಂಡಿದ್ದಾಳೆ.

ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಮದುವೆಮನೆಗೆ ಬರುವ ಅಡಿಗೆಯವರನ್ನು ನೆನೆಸಿಕೊಳ್ಳಿ. ಅವರು ಕೊಪ್ಪರಿಗೆ, ಜಾಲರಿ ಸೌಟು, ಒಲೆ ಎಲ್ಲ ತಾವೇ ತರುತ್ತಾರೆ. ಬಂದ ಅರ್ಧ ಗಂಟೆಯಲ್ಲಿ ಒಲೆ ಹೊತ್ತಿರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲ ತೊಳೆದು ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ಅವರು ಹೋದರೆಂದು ನಾವು ಅಳುವುದಿಲ್ಲ, ನಾಳೆ ಬೇರೆಯವರನ್ನು ಕರೆಸಬಹುದು. ಆದರೆ ಉಗ್ರಾಣ ನಮ್ಮದು. ಅಕ್ಕಿ, ಬೆಲ್ಲ, ತುಪ್ಪ ನಮ್ಮ ಕೋಣೆಯಲ್ಲಿ ನಮ್ಮ ಬೀಗದಲ್ಲಿ ಇರಬೇಕು. ಅಡಿಗೆಯವರ ಕೊಪ್ಪರಿಗೆಯೊಳಗೇ ಬಳೆ ಬಿಚ್ಚಿಟ್ಟರೆ ತೊಳೆಯುವಾಗ ಅದೂ ಹೋಗುತ್ತದೆ. ಕಂಟೇನರ್ ಎಂದರೆ ಆ ಅಡಿಗೆಯವರ ಬಿಡಾರ. ಅದರೊಳಗೆ ಬರೆದದ್ದು ಅದನ್ನು ಕಿತ್ತು ಹಾಕಿದಾಗ ಅದರ ಜೊತೆಗೇ ಹೋಗುತ್ತದೆ. ಉಳಿಯಬೇಕಾದ್ದನ್ನು ಹೊರಗೆ, ‘ವಾಲ್ಯೂಮ್’ ಎಂಬ ಉಗ್ರಾಣದಲ್ಲಿ ಇಡಬೇಕು.

ಇದನ್ನು ತೋರಿಸಲು ಮಗಳು ಒಂದು ದಿನ ನನ್ನ ಕಣ್ಣೆದುರಿಗೇ ಆ ಪಟದ ಪ್ರೋಗ್ರಾಮಿನ ಕಂಟೇನರನ್ನು ಅಳಿಸಿ ಹಾಕಿದಳು. “ಅಯ್ಯೋ ಪುಣ್ಯಾತಗಿತ್ತಿ!” ಎಂದು ನಾನು ಎದ್ದೇ ನಿಂತೆ. ಅವಳು ನಕ್ಕು ಇನ್ನೊಂದು ಸಾಲು ಬರೆದಳು. ಒಂದು ನಿಮಿಷದೊಳಗೆ ಹೊಸ ಕಂಟೇನರ್ ಎದ್ದಿತು. ಅತ್ತೆಯ ಮದುವೆಯ ಪಟ, ಅದರ ಹೆಸರುಗಳು, ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಅವಳು ಹೇಳಿದ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಪೆಟ್ಟಿಗೆ ಇಳಿಸುವ ಆ ಅಪ್ಪಣೆ ‘ಡೌನ್’. ಅದರ ಮುಂದೆ ಒಂದು ಅಡ್ಡಗೆರೆ ಎಳೆದು ‘ವಿ’ ಎಂಬ ಒಂದೇ ಅಕ್ಷರ ಸೇರಿಸಿದರೆ ಪೆಟ್ಟಿಗೆಯ ಜೊತೆಗೆ ಉಗ್ರಾಣವನ್ನೂ ಗುಡಿಸಿ ಹಾಕುತ್ತದಂತೆ. ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಒಂದು ಒತ್ತಕ್ಷರ ತಪ್ಪಿದರೆ ಅರ್ಥ ಅನರ್ಥವಾಗುತ್ತದೆ ಎಂದು ಮಕ್ಕಳಿಗೆ ನಾನೂ ಹೇಳುತ್ತೇನೆ. ಆದರೆ ಅವರ ತಪ್ಪಿಗೆ ಅರ್ಧ ಅಂಕ ಹೋಗುತ್ತದೆ, ಮನೆ ಹೋಗುವುದಿಲ್ಲ.

ಉಗ್ರಾಣಕ್ಕೆ ಬೀಗ ಹಾಕಿದರೆ ಮುಗಿಯಲಿಲ್ಲ. ಉಗ್ರಾಣವೇ ಸುಟ್ಟರೆ? ಸಿಡಿಲಿಗೆ ಟಿ.ವಿ., ಫೋನು ಸುಟ್ಟುಹೋಗದ ಮನೆ ನಮ್ಮ ಬೀದಿಯಲ್ಲಿ ಇಲ್ಲ. ಅದಕ್ಕೇ ಇನ್ನೊಂದು ಪ್ರತಿ ಬೇಕು. ಈ ಪ್ರತಿ ಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ಪಟಗಳೇನೋ ಬಿಡಿ ಬಿಡಿ ಫೈಲುಗಳು. ನಮ್ಮ ಆಲ್ಬಮ್ಮಿನ ಪಟದಂತೆ ಒಂದೊಂದನ್ನೇ ತೆಗೆದು ಬೇರೆ ಡಿಸ್ಕಿಗೆ ಹಾಕಬಹುದು. ಹೆಸರುಗಳು ಹಾಗಲ್ಲ. ನಮ್ಮ ಪ್ರೋಗ್ರಾಮಿನಲ್ಲಿ ಯಾವ ಪಟ ಯಾವುದು, ಯಾವ ಮುಖ ಯಾರದು, ಕೆಳಗೆ ಬರೆದ ಸಾಲು ಏನು, ಎಲ್ಲವೂ ಡೇಟಾಬೇಸ್ ಎಂಬ ಒಂದು ದೊಡ್ಡ ಲೆಕ್ಕದ ಪುಸ್ತಕದಲ್ಲಿರುತ್ತವೆ. ಅದು ಬೇರೆಯೇ ಒಂದು ಕಂಟೇನರಿನಲ್ಲಿ ಓಡುತ್ತಿರುತ್ತದೆ. ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ಹಾಗೇ ನಕಲು ಮಾಡಬಾರದು. ಟೀಚರು ಹಾಜರಿ ಕರೆಯುತ್ತಾ ಗುರುತು ಹಾಕುತ್ತಿರುವಾಗಲೇ ಇನ್ನೊಬ್ಬರು ಹಿಂದಿನಿಂದ ಪುಸ್ತಕ ನಕಲು ಮಾಡಿದರೆ ಹೇಗಿರುತ್ತದೆ? ಮೊದಲ ಪುಟದಲ್ಲಿ ನಲವತ್ತು ಹುಡುಗರು, ಕೊನೆಯ ಪುಟದ ಮೊತ್ತದಲ್ಲಿ ಮೂವತ್ತೆಂಟು. ಆ ನಕಲನ್ನು ಡೇಟಾಬೇಸು ಎಷ್ಟೋ ಸಲ ತಿರುಗಿ ತೆರೆಯುವುದೇ ಇಲ್ಲ. ಒಂದೋ ಅದನ್ನು ನಿಲ್ಲಿಸಿ ನಕಲು ಮಾಡಬೇಕು, ಇಲ್ಲವೇ “ಈ ಗಳಿಗೆಯಲ್ಲಿ ನಿನ್ನಲ್ಲಿರುವುದನ್ನೆಲ್ಲ ಬರೆದುಕೊಡು” ಎಂದು ಅದನ್ನೇ ಕೇಳಬೇಕು. ಹೀಗೆ ಬರೆಸಿಕೊಳ್ಳುವುದಕ್ಕೆ ‘ಡಂಪ್’ ಎನ್ನುತ್ತಾರೆ. ಹೆಸರು ಚೆನ್ನಾಗಿಲ್ಲ, ಕೆಲಸ ಒಳ್ಳೆಯದು.

ಮಗಳು ಇದನ್ನೆಲ್ಲ ಮೊದಲೇ ಏರ್ಪಾಡು ಮಾಡಿದ್ದಳು. ದಿನಾ ರಾತ್ರಿ ಮೂರು ಗಂಟೆಗೆ ಪಟಗಳ ಪ್ರತಿಯೊಂದು, ಡೇಟಾಬೇಸಿನ ಡಂಪ್ ಒಂದು, ಪಕ್ಕದಲ್ಲಿ ಸಿಕ್ಕಿಸಿದ ಡಿಸ್ಕಿಗೆ ಹೋಗುತ್ತಿತ್ತು. ಡಂಪಿನ ಫೈಲಿಗೆ ಆ ದಿನದ ತಾರೀಕೇ ಹೆಸರು. ಜಾಗ ತುಂಬದಿರಲೆಂದು ಹದಿನಾಲ್ಕು ದಿನಕ್ಕಿಂತ ಹಳೆಯದು ತಾನಾಗಿ ಅಳಿಸಿ ಹೋಗುತ್ತಿತ್ತು. ನಾನೂ ಒಂದೆರಡು ಸಲ ಇಣುಕಿ ನೋಡಿದ್ದೆ. ಸಾಲಾಗಿ ಹದಿನಾಲ್ಕು ತಾರೀಕು, ಪಂಚಾಂಗದ ಹಾಗೆ.

2024ರ ಸಂಕ್ರಾಂತಿ ಕಳೆದು ವಾರಕ್ಕೆ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿತು. ಮಾತು ಮಾತ್ರ ಸಡಿಲವಾಯಿತು. ಪಟ ತೋರಿಸಿದರೆ ಮುಖ ಅರಳುತ್ತದೆ, ಗುರುತು ಇದೆ ಎಂದು ಕಣ್ಣಿನಲ್ಲೇ ತಿಳಿಯುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ. “ಅದೇ... ಅದೇ...” ಎಂದು ಕೈ ಆಡಿಸುತ್ತಾರೆ. ಆಮೇಲೆ ಬೇಸರವಾಗಿ ಗೋಡೆಗೆ ಮುಖ ತಿರುಗಿಸುತ್ತಾರೆ.

ಆ ವರ್ಷದ ಮೇ ತಿಂಗಳಿನಲ್ಲಿ ಮಗಳು ಬಂದದ್ದು, ನಾನು ಮೊದಲು ಹೇಳಿದ ಪರೀಕ್ಷೆಗೆ. ಅವಳ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಹೀಗೆ ಮಾಡುತ್ತಾರಂತೆ. ಅಲ್ಲಿ ನೂರಾರು ಕಂಟೇನರುಗಳು. ಅವನ್ನು ನಡೆಸಲು ‘ಕುಬರ್ನೆಟಿಸ್’ ಎಂಬ ಮೇಲ್ವಿಚಾರಕ ಬೇರೆ. ಗ್ರೀಕಿನಲ್ಲಿ ಹಾಗೆಂದರೆ ಹಡಗಿನ ಚುಕ್ಕಾಣಿ ಹಿಡಿದವನು. ಅಲ್ಲಿಯೂ ಕೇಳುವ ಪ್ರಶ್ನೆ ಇದೇ: ಇವತ್ತು ಎಲ್ಲ ಮುಳುಗಿತೆಂದು ಇಟ್ಟುಕೊಂಡರೆ, ಪ್ರತಿಯಿಂದ ಎಬ್ಬಿಸಲು ಆಗುತ್ತದೆಯೆ, ಎಷ್ಟು ಹೊತ್ತು ಹಿಡಿಯುತ್ತದೆ? ಮೂಲವನ್ನು ಮುಟ್ಟದೆ, ಬೇರೊಂದು ಖಾಲಿ ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತಾರೆ. ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನಡುಮನೆಯ ಮೇಜಿನ ಮೇಲಿಟ್ಟು, “ಮೂಲೆಕೋಣೆ ಕಂಪ್ಯೂಟರ್ ಸಿಡಿಲು ಹೊಡೆದು ಸತ್ತಿದೆ ಅಂದ್ಕೋ ಅಮ್ಮ” ಎಂದಳು. “ಬಿಡ್ತು ಅನ್ನು” ಎಂದೆ.

ಡಾಕರ್ ಹಾಕಿದಳು. ಯಾವ ಯಾವ ಕಂಟೇನರ್ ಬೇಕು, ಯಾವ ಆವೃತ್ತಿಯದು, ಯಾವ ಉಗ್ರಾಣ ಯಾವುದಕ್ಕೆ ಎಂದು ಬರೆದಿಟ್ಟಿದ್ದ ಚೀಟಿಯಂಥ ಫೈಲನ್ನು ತಂದಳು. ಆವೃತ್ತಿ ಬರೆದಿಡುವುದು ಮುಖ್ಯ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಮೂಲ ಫೈಲುಗಳನ್ನು ಅದರ ಬೇರೆ ದೊಡ್ಡ ಆವೃತ್ತಿ ತೆರೆಯುವುದಿಲ್ಲ. ಡಂಪ್ ಆದರೆ ಹೊಸ ಆವೃತ್ತಿಗೂ ತುಂಬಬಹುದು. ಪಟಗಳೆಲ್ಲ ಬಂದವು. ಆಮೇಲೆ ಡಂಪನ್ನು ತುಂಬಿಸಿದಳು. ಪ್ರೋಗ್ರಾಮು ತೆರೆದರೆ, ಹೊಸದಾಗಿ ಬಂದವರನ್ನು ಸ್ವಾಗತಿಸುವ ಪುಟ. ಹೆಸರೇನು, ಗುಪ್ತಪದ ಏನಿಡುತ್ತೀರಿ ಎಂದು ನಮ್ಮನ್ನೇ ಕೇಳುತ್ತಿದೆ. ಏನೋ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದಳು. ಅದೇ. ಪಟಗಳನ್ನು ಹೊಸದಾಗಿ ಸೇರಿಸಿ ನೋಡಿದಳು. ಪಟಗಳು ಬಂದವು. ಅತ್ತೆಯ ದೊಡ್ಡಪ್ಪನ ಮಗಳು ಬಂದಳು. ಕೆಳಗೆ ಹೆಸರಿಲ್ಲ, ಸಾಲಿಲ್ಲ. ಎಲ್ಲ ಮುಖಗಳೂ ಸಂತೆಯಲ್ಲಿ ಕಂಡ ಮುಖಗಳ ಹಾಗೆ.

ಮಗಳು ಮಾತಿಲ್ಲದೆ ಡಂಪಿನ ಫೈಲುಗಳ ಪಟ್ಟಿ ತೆಗೆದಳು. ಹದಿನಾಲ್ಕು ತಾರೀಕು. ಪ್ರತಿಯೊಂದರ ಎದುರಿಗೂ ಅಳತೆ: ಸೊನ್ನೆ. ಇಣುಕಿದಾಗ ನಾನು ನೋಡಿದ್ದು ತಾರೀಕುಗಳನ್ನು. ಅಳತೆಯ ಅಂಕಣ ಆ ಪುಟದಲ್ಲಿ ಇರಲೂ ಇಲ್ಲ.

ಕಾರಣ ಎಷ್ಟು ಚಿಕ್ಕದು ನೋಡಿ. ಕಂಟೇನರುಗಳನ್ನು ಒಟ್ಟಿಗೆ ಎಬ್ಬಿಸುವ ‘ಕಂಪೋಸ್’ ಎಂಬ ಸಲಕರಣೆಯ ಹಳೆಯ ಆವೃತ್ತಿಗೆ 2023ರಲ್ಲಿ ಬೆಂಬಲ ನಿಂತಿತು. ಆ ದಸರಾ ರಜೆಯಲ್ಲಿ ಅವಳು ಹೊಸದನ್ನು ಹಾಕಿದ್ದಳು. ಹಳೆಯದು ಕಂಟೇನರಿಗೆ ಹೆಸರಿಡುವಾಗ ಪದಗಳ ನಡುವೆ ಕೆಳಗೆರೆ ಹಾಕುತ್ತಿತ್ತು. ಹೊಸದು ನಡುಗೆರೆ ಹಾಕುತ್ತದೆ. ರಾತ್ರಿಯ ಕೆಲಸದ ಪಟ್ಟಿಯಲ್ಲಿ ಹಳೆಯ ಹೆಸರೇ ಇತ್ತು. ಆ ಹೆಸರಿನವರು ಮನೆಯಲ್ಲಿಲ್ಲ. ಅಷ್ಟಾದರೂ ಫೈಲು ಹೇಗೆ ಹುಟ್ಟಿತು ಎಂದು ಕೇಳಿದೆ. ಕಂಪ್ಯೂಟರು ಮೊದಲು ಪಾತ್ರೆ ಇಟ್ಟು ಆಮೇಲೆ ಹಾಲು ಕರೆಯಲು ಹೋಗುತ್ತದಂತೆ. ಕೊಟ್ಟಿಗೆಯಲ್ಲಿ ಹಸುವೇ ಇಲ್ಲದಿದ್ದರೂ ಪಾತ್ರೆ ಇಟ್ಟಿರುತ್ತದೆ. “ಹಸು ಇಲ್ಲ” ಎಂದು ಅದು ಪ್ರತಿ ರಾತ್ರಿಯೂ ಕೂಗಿದೆ, ಮೂರು ಗಂಟೆಗೆ ಕೇಳುವವರು ಯಾರು? ಹದಿನಾಲ್ಕು ದಿನದ ಲೆಕ್ಕದಲ್ಲಿ ಹಳೆಯ ತುಂಬಿದ ಪಾತ್ರೆಗಳನ್ನು ಒಂದೊಂದಾಗಿ ಚೆಲ್ಲಿ, ಖಾಲಿ ಪಾತ್ರೆಗಳನ್ನು ಜೋಪಾನವಾಗಿ ಕಾಯ್ದುಕೊಂಡು ಏಳು ತಿಂಗಳು ಕಳೆದಿತ್ತು. ಅತ್ತೆಯ ಮಾತು ಹೋದದ್ದು ಆ ಏಳು ತಿಂಗಳಿನ ನಡುವೆ.

ಮೂಲೆಕೋಣೆಯ ಕಂಪ್ಯೂಟರ್ ಆಗ ಸತ್ತಿರಲಿಲ್ಲ, ಅದೇ ನಮ್ಮ ಪುಣ್ಯ. ಆದರೆ ಮೇ ತಿಂಗಳ ಮಧ್ಯಾಹ್ನ, ನಾಲ್ಕು ಗಂಟೆ. ಆಗುಂಬೆಯ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುವುದು ನಮ್ಮ ಮನೆಯವರ ಅಭ್ಯಾಸ. ಮಗಳು “ಅಪ್ಪಾ, ಐದು ನಿಮಿಷ ಏನೂ ಮುಟ್ಟಬೇಡಿ” ಎಂದು ಕೂಗಿದಳು. ಹೊಸ ಹೆಸರು ಹಾಕಿ ಡಂಪ್ ಬರೆಸಿದಳು. ಈ ಸಲ ಅಳತೆ ಸೊನ್ನೆಯಲ್ಲ, ನಲವತ್ತು ಎಂ.ಬಿ. ಚಿಲ್ಲರೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಪ್ಲಗ್ಗು ಕಿತ್ತು, ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೇ ಮತ್ತೆ ಮೊದಲಿನಿಂದ ತುಂಬಿಸಿದಳು. ಗುಡುಗು ಮನೆಯ ಮೇಲೇ ಬಂದಿತ್ತು. ಪ್ರೋಗ್ರಾಮು ತೆರೆಯಿತು. ಸ್ವಾಗತದ ಪುಟವಲ್ಲ, ನಮ್ಮ ಪಟಗಳ ಪುಟ. ಮೊದಲು ಕಂಡದ್ದು ಬಾವಿಕಟ್ಟೆಯ ಹತ್ತಿರ ನಿಂತ ಒಬ್ಬ ಮುದುಕಿ. ಅದರ ಕೆಳಗೆ ಅತ್ತೆ ಹೇಳಿ ನಾನು ಬರೆದ ಸಾಲು: “ಹೆಸರು ಮರೆತೆ. ಹೆರಿಗೆಗೆ ಬಂದ ಸೂಲಗಿತ್ತಿ. ಇವಳು ಹೊಳೆ ದಾಟಿ ಬಾರದಿದ್ದರೆ ನಾನೂ ಇಲ್ಲ, ಮಗುವೂ ಇಲ್ಲ.” ಆ ಮಗು ನಮ್ಮ ಮನೆಯವರೇ. ಅವರು ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಂಡರು.

ಮಗಳಿಗೆ ನಾಚಿಕೆಯಾಗಿತ್ತು. ಸಮಾಧಾನಕ್ಕೋ ಏನೋ, ರಾತ್ರಿ ಊಟದ ಮೇಲೆ ದೊಡ್ಡವರ ಕಥೆ ಹೇಳಿದಳು. ‘ಗಿಟ್‌ಲ್ಯಾಬ್’ ಎಂದು ಒಂದು ಸಂಸ್ಥೆ. ಜಗತ್ತಿನ ಪ್ರೋಗ್ರಾಮು ಬರೆಯುವವರು ತಮ್ಮ ಬರಹ ಇಡುವ ಜಾಗ. 2017ರ ಜನವರಿ 31ರಂದು ಅಲ್ಲಿಯ ಒಬ್ಬ ಇಂಜಿನಿಯರ್ ನಕಲು ಯಂತ್ರದಲ್ಲಿ ಅಳಿಸಬೇಕಾದ್ದನ್ನು ಮೂಲ ಯಂತ್ರದಲ್ಲಿ ಅಳಿಸಿದ. ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿ.ಬಿ.ಯಲ್ಲಿ ಉಳಿದದ್ದು 4.5. ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದವು, ಒಂದೂ ನೆಟ್ಟಗೆ ನಡೆದಿರಲಿಲ್ಲ. ಅಲ್ಲಿಯೂ ಡಂಪ್ ಮಾಡುವ ಸಲಕರಣೆ ಒಂದು ಆವೃತ್ತಿ, ಡೇಟಾಬೇಸ್ ಇನ್ನೊಂದು ಆವೃತ್ತಿ. ಕೆಲಸ ಕೆಟ್ಟಿದೆ ಎಂದು ಹೋಗುತ್ತಿದ್ದ ಈಮೇಲುಗಳನ್ನು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಅದೇ ಇಂಜಿನಿಯರ್ ಬೇರಾವುದೋ ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಯ ಸುಮಾರು 5,000 ಯೋಜನೆಗಳ ಕೆಲಸ ಹೋಯಿತು. ಅವರು ಯಾವುದನ್ನೂ ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ಎಲ್ಲರೂ ನೋಡುವಂತೆ ಮಾಡಿದರು, ಆದದ್ದನ್ನೆಲ್ಲ ಬರೆದು ಪ್ರಕಟಿಸಿದರು. ಶಾಲೆಯಲ್ಲಿ ಒಂದು ಉತ್ತರ ಪತ್ರಿಕೆ ಕಳೆದರೆ ಅದು ಇರಲೇ ಇಲ್ಲ ಎನ್ನುವವರನ್ನು ಕಂಡ ನನಗೆ ಇದು ದೊಡ್ಡದಾಗಿ ಕಂಡಿತು.

ನನಗೆ ಇನ್ನೂ ಹಿಡಿಸಿದ್ದು ಕಂಟೇನರ್ ಕಾಲಕ್ಕಿಂತ ಹಿಂದಿನದು. ಗೊಂಬೆಗಳ ಚಲನಚಿತ್ರ ‘ಟಾಯ್ ಸ್ಟೋರಿ 2’ ನಿಮ್ಮ ಮಕ್ಕಳು ನೋಡಿರಬಹುದು. ತೆರೆಗೆ ಬಂದದ್ದು 1999ರಲ್ಲಿ. ಅದರ ಹಿಂದಿನ ವರ್ಷ ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ಒಂದು ಅಪ್ಪಣೆಯಿಂದ ಚಿತ್ರದ ಬಹುಪಾಲು ಅಳಿಸಿಹೋಯಿತು. ಬ್ಯಾಕಪ್ ನೋಡಿದರೆ ಅದು ಸುಮಾರು ಒಂದು ತಿಂಗಳಿಂದ ಕೆಟ್ಟಿತ್ತು. ಆಗ ಗೇಲಿನ್ ಸಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿಗೆ ನೆನಪಾಯಿತು: ಎಳೆಗೂಸನ್ನು ನೋಡಿಕೊಳ್ಳುತ್ತ ಕೆಲಸ ಮಾಡಲೆಂದು ಆಕೆ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿ ಇಟ್ಟುಕೊಂಡಿದ್ದಳು. ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನಂತೆ ಕೂರಿಸಿ ತಂದರು. ಆಮೇಲೆ ಆ ಚಿತ್ರದ ಕಥೆಯನ್ನೇ ಬಹುಪಾಲು ಬದಲಿಸಿ ಹೊಸದಾಗಿ ಮಾಡಿದರು, ಅದು ಬೇರೆ ಮಾತು. ಹೆರಿಗೆಯಾದವಳು ಮನೆಯಿಂದ ಕೆಲಸ ಮಾಡುತ್ತೇನೆಂದರೆ ಮುಖ ಸಿಂಡರಿಸುವ ಮೇಲಧಿಕಾರಿಗಳಿಗೆ ಇದನ್ನು ಓದಿ ಹೇಳಬೇಕು.

ಪ್ರತಿಯನ್ನು ಎಲ್ಲಿಡಬೇಕೆಂಬುದಕ್ಕೆ ಅವರಲ್ಲಿ ಒಂದು ಲೆಕ್ಕವಿದೆ: ಮೂರು, ಎರಡು, ಒಂದು. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಇದನ್ನು ಪ್ರಚಾರಕ್ಕೆ ತಂದವನು. ಪಟದವರಿಗೇ ಈ ಭಯ ಹೆಚ್ಚು ಎಂದು ಕಾಣುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ‘ಓ.ವಿ.ಎಚ್.’ ಕಂಪನಿಯ ಸರ್ವರುಗಳ ಕಟ್ಟಡ ಸುಟ್ಟುಹೋದಾಗ, ಮೂಲವೂ ಪ್ರತಿಯೂ ಅಲ್ಲೇ ಇದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು.

ಇದರಲ್ಲಿ ಹೊಸದೇನಿದೆ ಎಂದು ನನಗೆ ಅನ್ನಿಸದೆ ಇರಲಿಲ್ಲ. ನಮ್ಮಮ್ಮ ದಿನಾ ಮೊಸರಿನ ಪಾತ್ರೆಯಿಂದ ಒಂದು ಚಮಚ ಹೆಪ್ಪು ಎತ್ತಿಡುತ್ತಿದ್ದಳು. ಬೆಕ್ಕು ಬಾಯಿ ಹಾಕಿ ಹೆಪ್ಪೂ ಹೋದ ದಿನ ಪಕ್ಕದ ಮನೆಗೆ ಲೋಟ ಹಿಡಿದು ಹೋದರಾಯಿತು, ಅವರ ಮನೆಯ ಹೆಪ್ಪು ಮೊದಲು ನಮ್ಮ ಮನೆಯಿಂದಲೇ ಹೋದದ್ದು. ಸೌತೆಬೀಜವನ್ನು ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿಡುವರು. ಬಿತ್ತುವ ಮುಂಚೆ ನಾಲ್ಕು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೆಯೇ ಎಂದು ನೋಡುವರು. ಗೋಡೆಯ ಮೇಲೆ ಬೀಜವಿದೆ ಎಂದಷ್ಟಕ್ಕೆ ಯಾವ ರೈತ ಹೆಂಗಸೂ ನಂಬಿ ಕೂರುತ್ತಿರಲಿಲ್ಲ. ಮಗಳ ಬ್ಯಾಕಪ್ಪಿನಲ್ಲಿ ಎಲ್ಲವೂ ಇತ್ತು, ಆ ಒದ್ದೆ ಬಟ್ಟೆಯೊಂದು ಇರಲಿಲ್ಲ.

ಈಗ ಇದೆ. ರಾತ್ರಿಯ ಕೆಲಸ ಮುಗಿದ ಮೇಲೆ ಡಂಪಿನ ಅಳತೆ ನೋಡಿ, ನಿನ್ನೆಗಿಂತ ತೀರ ಕಡಿಮೆಯಾಗಿದ್ದರೆ ಅವಳ ಫೋನಿಗೂ ನನ್ನ ಫೋನಿಗೂ ಸುದ್ದಿ ಬರುತ್ತದೆ. ಹದಿನಾಲ್ಕು ದಿನದ ಜೊತೆಗೆ ತಿಂಗಳಿಗೊಂದರಂತೆ ಹನ್ನೆರಡು ಹಳೆಯ ಪ್ರತಿಗಳನ್ನೂ ಉಳಿಸುತ್ತೇವೆ. ಬೇರೆ ಊರಿಗೆ ಹೋಗುವ ಡಿಸ್ಕಿಗೆ ಗುಪ್ತಪದದ ಬೀಗವಿದೆ. ಅದು ಮರೆತರೆ ಡಿಸ್ಕಿದ್ದೂ ಇಲ್ಲದಂತೆ. ಅದಕ್ಕೆ ಗುಪ್ತಪದವನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಟ್ರಂಕಿನಲ್ಲಿ ಇಟ್ಟಿದ್ದೇನೆ. ರಜೆಗಳಲ್ಲಿ ಮಗಳು ಬಂದಾಗ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಿ ನೋಡುವ ಪರೀಕ್ಷೆ. ಪ್ರಶ್ನೆಪತ್ರಿಕೆ ನನ್ನದು: ಯಾವುದಾದರೂ ಐದು ಪಟಗಳನ್ನು ಹೇಳುತ್ತೇನೆ, ಅವುಗಳ ಹೆಸರೂ ಸಾಲೂ ಬರಬೇಕು. ಬಂದರೆ ಪಾಸು.

ಇಷ್ಟಾದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲವೆನ್ನಿ. ಆ ಬೇಸಿಗೆಯಲ್ಲೇ ಇನ್ನೂರು ಪುಟದ ನೋಟುಪುಸ್ತಕ ತಂದು ಪ್ರತಿ ಪಟದ ಸಂಖ್ಯೆ, ಹೆಸರು, ಸಾಲು ಎಲ್ಲವನ್ನೂ ಮಸಿಯಲ್ಲಿ ಬರೆದೆ. ಮಗಳು ನಗಲಿಲ್ಲ. “ಎರಡನೇ ಬಗೆಯ ಸಾಧನ” ಎಂದು ರಟ್ಟಿನ ಮೇಲೆ ಬರೆದುಕೊಟ್ಟಳು. ಮಧ್ಯಾಹ್ನ ಅತ್ತೆಯ ಮಂಚದ ಹತ್ತಿರ ಕುಳಿತು ಅದನ್ನೇ ಓದುತ್ತೇನೆ. ಅವರು ಹೇಳಿದ ಮಾತನ್ನು ಅವರಿಗೇ. ಒಂದೊಂದು ಕಡೆ “ಹೂಂ” ಎನ್ನುತ್ತಾರೆ. ಒಂದೊಂದು ಕಡೆ ಅಲ್ಲ ಎನ್ನುವಂತೆ ತಲೆ ಆಡಿಸುತ್ತಾರೆ. ಆ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗುತ್ತೇನೆ.

ಬೇರೆ ಊರಿನ ಪ್ರತಿ ಶಿವಮೊಗ್ಗದಲ್ಲಿ ನನ್ನ ತಂಗಿಯ ಮನೆಯಲ್ಲಿದೆ. ಎರಡು ಡಿಸ್ಕುಗಳು, ಎರಡು ತಿಂಗಳಿಗೊಮ್ಮೆ ಹೋದಾಗ ಒಂದನ್ನು ಕೊಟ್ಟು ಇನ್ನೊಂದನ್ನು ತರುವುದು. ಟವೆಲಿನಲ್ಲಿ ಸುತ್ತಿ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯಿಂದ ದೂರವಾಗಿ ಬೇರೆ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ. ಮೊನ್ನೆ ಹೋದಾಗ ನೋಡಿದರೆ ಅವಳು ಅದನ್ನು ಫ್ರಿಜ್ಜಿನ ಮೇಲೆ, ಬಿಸಿ ಕಾರುವ ಸ್ಟೆಬಿಲೈಜರಿನ ಪಕ್ಕದಲ್ಲಿ ಇಟ್ಟು, ಮೇಲೊಂದು ಹೂವಿನ ಬುಟ್ಟಿ ಬೇರೆ ಕೂರಿಸಿದ್ದಾಳೆ. ಮುಂದಿನ ಸಲ ಹೋದಾಗ ಬೀರುವಿನೊಳಗೆ ಇಡಿಸಬೇಕು.